ಆರುನೂರು ಸದಸ್ಯರು, ಏಳು ಗೋಣಿಚೀಲ

ನಮ್ಮ ಊರಿನ ಚಾರಣ ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ 600ಕ್ಕೂ ಹೆಚ್ಚು ಮಂದಿ ಇದ್ದೇವೆ. ‘ಭಾನುವಾರ ಸೂರ್ಯೋದಯ ಚಾರಣ, 40 ಸೀಟು ಮಾತ್ರ’ ಎಂದು ಹಾಕಿದರೆ ಅರ್ಧ ಗಂಟೆಯಲ್ಲಿ ಸೀಟು ಭರ್ತಿ. ಅದೇ ಗುಂಪಿನಲ್ಲಿ ಕಳೆದ ಮಳೆಗಾಲ ಮುಗಿದ ಮೇಲೆ ‘ಬೆಟ್ಟದ ದಾರಿಯ ಪ್ಲಾಸ್ಟಿಕ್ ಹೆಕ್ಕೋಣ, ಬನ್ನಿ’ ಎಂದು ಕರೆದೆವು. ಹೆಬ್ಬೆರಳು ಎತ್ತಿ ತೋರಿಸಿದವರು ಅರವತ್ತು ಜನ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದವರು ಏಳು ಜನ. ಸಂಜೆ ಏಳು ಗೋಣಿಚೀಲ ಹೊತ್ತು ಕೆಳಗಿಳಿಯುವಾಗ ಬೆನ್ನುನೋವಿಗಿಂತ ಹೆಚ್ಚು ಕಾಡಿದ್ದು ಒಂದೇ ಪ್ರಶ್ನೆ. ನಮ್ಮ ಬಳಗದ ಸದಸ್ಯರು ನಿಜಕ್ಕೂ ಎಷ್ಟು ಮಂದಿ?

ಎರಡು ವರ್ಷಗಳಿಂದ ಬಳಗದ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಹಾಗಾಗಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ. ಪುಸ್ತಕ ತೆರೆದರೆ ಆದಾಯದ ಕಾಲಂನಲ್ಲಿ ಇರುವುದೆಲ್ಲ ಚಾರಣದ ಶುಲ್ಕ. ಬಸ್ಸು, ಊಟ, ಟಿಕೆಟ್ ಕಳೆದು ಉಳಿದ ಪುಡಿಗಾಸು. ಕಾಡಿನ ಹೆಸರಿನಲ್ಲಿ ಕಟ್ಟಿದ ಬಳಗ ನಮಗೇ ಗೊತ್ತಾಗದಂತೆ ಅಗ್ಗದ ಟ್ರಾವೆಲ್ ಏಜೆನ್ಸಿಯಾಗಿತ್ತು. ಬಂದವರು ಗ್ರಾಹಕರು, ನಾವು ಸೀಟು ಮಾರುವವರು. ಗ್ರಾಹಕ ದುಡ್ಡು ಕೊಟ್ಟ ಮೇಲೆ ಕಸ ಹೆಕ್ಕಲು ಯಾಕೆ ಬರುತ್ತಾನೆ? ತಪ್ಪು ಅವನದಲ್ಲ, ಕರೆದ ರೀತಿ ನಮ್ಮದು.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಬುಡದಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಚಾರಣಗಳಿಗೆ ತಡೆ ಹಾಕಿ, ಬಳಿಕ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ತಂದಿತು. ಬೆಟ್ಟ ಹತ್ತುವವರು ಹೆಚ್ಚಿದರೆ ಬೆಟ್ಟ ಕಾಯುವವರೂ ಹೆಚ್ಚುತ್ತಾರೆ ಎಂಬ ನಂಬಿಕೆ ಆ ಸಾಲಿನಲ್ಲಿ ನಿಂತಾಗ ಉಳಿಯುವುದು ಕಷ್ಟ.

ಹಾಗಾದರೆ ಆ ನಂಬಿಕೆಯೇ ಸುಳ್ಳೇ? ಅಲ್ಲ. ಅದಕ್ಕೆ ಅಮೆರಿಕದ ಸಿಯೆರಾ ಕ್ಲಬ್ ಒಳ್ಳೆಯ ಉದಾಹರಣೆ. 1892ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಮ್ಯೂರ್ ಮತ್ತು ಗೆಳೆಯರು ಅದನ್ನು ಕಟ್ಟಿದಾಗ ಇದ್ದ ಸದಸ್ಯರು 182. 1901ರಿಂದ ಪ್ರತಿ ಬೇಸಿಗೆಯಲ್ಲಿ ಸದಸ್ಯರನ್ನು ವಾರಗಟ್ಟಲೆ ಬೆಟ್ಟಗಳಿಗೆ ಕರೆದೊಯ್ಯುವ ದೊಡ್ಡ ಚಾರಣ ಶುರುವಾಯಿತು. ಲೆಕ್ಕಾಚಾರ ಸರಳ. ಒಂದು ಕಣಿವೆಯಲ್ಲಿ ನಡೆದು, ಅಲ್ಲೇ ಮಲಗಿ ಎದ್ದವನು ನಾಳೆ ಅದರ ಪರವಾಗಿ ನಿಲ್ಲುತ್ತಾನೆ. ಎಲ್ಲ ಹೋರಾಟವನ್ನೂ ಅವರು ಗೆಲ್ಲಲಿಲ್ಲ. ಯೊಸೆಮಿಟಿಯ ಒಂದು ಸುಂದರ ಕಣಿವೆಯಲ್ಲಿ ಅಣೆಕಟ್ಟು ಕಟ್ಟಲು 1913ರಲ್ಲಿ ಕಾನೂನು ಬಂದೇ ಬಂತು. ಆದರೆ ನಡೆಯುವವರನ್ನು ಕಾಯುವವರನ್ನಾಗಿ ಮಾಡುವ ದಾರಿಯನ್ನು ಕ್ಲಬ್ ಬಿಡಲಿಲ್ಲ.

ಅದರ ಫಲ ಕಂಡದ್ದು 1966ರಲ್ಲಿ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಎರಡು ಅಣೆಕಟ್ಟು ಕಟ್ಟುವ ಯೋಜನೆ ಬಂದಿತ್ತು. ನೀರು ನಿಂತರೆ ಪ್ರವಾಸಿಗರು ದೋಣಿಯಲ್ಲಿ ಹೋಗಿ ಕಣಿವೆಯ ಗೋಡೆಯನ್ನು ಹತ್ತಿರದಿಂದ ನೋಡಬಹುದು ಎಂಬುದು ಒಂದು ಸಮರ್ಥನೆ. ಕ್ಲಬ್‌ನ ಚುಕ್ಕಾಣಿ ಹಿಡಿದಿದ್ದ ಡೇವಿಡ್ ಬ್ರೋವರ್ ಮತ್ತು ತಂಡ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟಿತು. ಚಾವಣಿಯ ಚಿತ್ರ ಹತ್ತಿರದಿಂದ ಕಾಣಲಿ ಎಂದು ಸಿಸ್ಟೀನ್ ಚಾಪೆಲ್‌ಗೂ ನೀರು ತುಂಬಿಸೋಣವೇ ಎಂದು ಕೇಳಿತು. ಮೊದಲ ಜಾಹೀರಾತು ಬಂದ ಮರುದಿನವೇ ತೆರಿಗೆ ಇಲಾಖೆಯ ನೋಟಿಸು ಬಂತು. ದೇಣಿಗೆಗಿದ್ದ ತೆರಿಗೆ ವಿನಾಯಿತಿ ಹೋಯಿತು. ದೊಡ್ಡ ದಾನಿಗಳನ್ನೇ ನಂಬಿದ ಸಂಸ್ಥೆಗೆ ಅದು ಸಾವಿನ ಏಟು. ಇಲ್ಲಿ ಆದದ್ದು ಬೇರೆ. ಸುಮಾರು 39 ಸಾವಿರ ಇದ್ದ ಸದಸ್ಯರ ಸಂಖ್ಯೆ ಎರಡೇ ವರ್ಷಗಳಲ್ಲಿ 60 ಸಾವಿರ ದಾಟಿತು. ಜನ ವಿನಾಯಿತಿ ಸಿಗುತ್ತದೆಂದು ಸೇರಲಿಲ್ಲ, ಕಣಿವೆಗಾಗಿ ಸೇರಿದರು. 1968ರಲ್ಲಿ ಯೋಜನೆಯ ಕಾನೂನು ಪಾಸಾದಾಗ ಆ ಎರಡು ಅಣೆಕಟ್ಟುಗಳು ಅದರಲ್ಲಿ ಇರಲಿಲ್ಲ.

ಅದೇ ಕ್ಲಬ್‌ನ ಇನ್ನೊಂದು ಪುಟವನ್ನೂ ಓದಬೇಕು. 2007ರಿಂದ 2010ರ ನಡುವೆ ಒಂದು ನೈಸರ್ಗಿಕ ಅನಿಲ ಕಂಪನಿಯ ಕಡೆಯಿಂದ ಎರಡೂವರೆ ಕೋಟಿ ಡಾಲರಿಗೂ ಹೆಚ್ಚು ಹಣ ಬಂದಿತ್ತು ಎಂಬುದು 2012ರಲ್ಲಿ ಹೊರಬಿತ್ತು. ಹಣ ಹೋಗಿದ್ದು ಕಲ್ಲಿದ್ದಲು ವಿರೋಧಿ ಅಭಿಯಾನಕ್ಕೆ, ಅಂದರೆ ಒಳ್ಳೆಯ ಕೆಲಸಕ್ಕೇ. ಆದರೆ ಅನಿಲ ತೆಗೆಯುವುದರ ವಿರುದ್ಧ ತಮ್ಮ ಊರುಗಳಲ್ಲಿ ಹೋರಾಡುತ್ತಿದ್ದ ಸದಸ್ಯರಿಗೆ ಹೇಗನಿಸಿರಬೇಕು? ಹೊಸ ನಾಯಕತ್ವ ಆ ಹಣ ಬೇಡವೆಂದು ನಿಲ್ಲಿಸಿತು. ಹಾಗಿದ್ದರೂ, ಹೋದ ನಂಬಿಕೆ ಚೆಕ್ ವಾಪಸಾದಷ್ಟು ಬೇಗ ವಾಪಸಾಗುವುದಿಲ್ಲ.

ಈ ಕಥೆ ನನಗೆ ದೂರದ್ದು ಅನಿಸಲಿಲ್ಲ. ಯಾಕೆಂದರೆ ನಮ್ಮ ಬಳಗಕ್ಕೂ ಒಂದು ಚೆಕ್ ಬರುವುದಿತ್ತು. ಒಂದು ಸಂಸ್ಥೆಯವರು ಒಂದು ಲಕ್ಷ ರೂಪಾಯಿ ಕೊಡಲು ಮುಂದೆ ಬಂದರು. ಷರತ್ತು ಒಂದೇ. ಬೆಟ್ಟದ ಮೇಲೆ ಸಾವಿರ ಸಸಿ ನೆಡಬೇಕು, ಅವರ ಬ್ಯಾನರ್ ಹಿಡಿದು ಫೋಟೊ ತೆಗೆಸಬೇಕು. ಸಭೆಯಲ್ಲಿ ಹೆಚ್ಚಿನವರಿಗೆ ಖುಷಿಯೋ ಖುಷಿ. ಸಸಿ ನೆಡುವುದರಲ್ಲಿ ತಪ್ಪೇನಿದೆ?

ತಪ್ಪಿದೆ. ನಮ್ಮ ಘಟ್ಟದ ನೆತ್ತಿಯ ಮೇಲಿರುವುದು ಶೋಲಾ ಕಾಡು ಮತ್ತು ಹುಲ್ಲುಗಾವಲು. ಕಣಿವೆಯ ಮಡಿಲಲ್ಲಿ ಕಾಡು, ಮೇಲೆಲ್ಲ ಹುಲ್ಲು. ಅದು ಯಾರೋ ಮರ ಕಡಿದು ಬೋಳು ಮಾಡಿದ ಜಾಗವಲ್ಲ, ಹಾಗೆಯೇ ಇರುವ ನಿಸರ್ಗ. ಮಳೆ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಗಳಿಗೆ ನಿಧಾನವಾಗಿ ಬಿಡುವುದು ಇವೆರಡೂ ಸೇರಿ. ಅಲ್ಲಿ ಸಸಿ ನೆಟ್ಟರೆ ಹುಲ್ಲು ಸಾಯುತ್ತದೆ, ಹುಲ್ಲನ್ನು ನಂಬಿದ ಜೀವಗಳೂ ಹೋಗುತ್ತವೆ. ಅಕೇಶಿಯಾ, ನೀಲಗಿರಿ ನೆಟ್ಟು ಮಲೆನಾಡು ಈಗಾಗಲೇ ಪಾಠ ಕಲಿತಿದೆ. ಬೆಟ್ಟಕ್ಕೆ ಬೇಕಾದದ್ದು ಪ್ಲಾಸ್ಟಿಕ್ ಹೆಕ್ಕುವುದು, ಲಂಟಾನ ಕೀಳುವುದು, ಸವೆದ ಕಾಲುದಾರಿ ಸರಿಪಡಿಸುವುದು, ಬೇಸಿಗೆಗೆ ಮೊದಲು ಬೆಂಕಿ ರೇಖೆ ಮಾಡುವ ಅರಣ್ಯ ಸಿಬ್ಬಂದಿಗೆ ಕೈ ಜೋಡಿಸುವುದು. ಇವು ಯಾವುವೂ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಹಣ ಕೊಡುವವನು ಒಬ್ಬನೇ ಆದಾಗ ಕೆಲಸ ಯಾವುದೆಂದು ತೀರ್ಮಾನಿಸುವುದು ಬೆಟ್ಟವಲ್ಲ, ಅವನ ಕ್ಯಾಮೆರಾ.

ಎಲ್ಲ ಕಂಪನಿಗಳ ಹಣವೂ ಹೀಗೆ ಎಂದು ನಾನು ಹೇಳುತ್ತಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣದಿಂದ ಒಳ್ಳೆಯ ಕೆಲಸಗಳೂ ಆಗಿವೆ. ಆದರೆ ನಮ್ಮದೇ ಹಣ ಒಂದಿಷ್ಟಿದ್ದಾಗ ಮಾತ್ರ ‘ಈ ಷರತ್ತು ಬೇಡ’ ಎನ್ನುವ ಧೈರ್ಯ ಬರುತ್ತದೆ. ಖಾಲಿ ಕಿಸೆಯವನಿಗೆ ಎಲ್ಲ ಷರತ್ತೂ ಸರಿಯೇ ಕಾಣುತ್ತದೆ.

ಆ ‘ನಮ್ಮ ಹಣ’ ಎಲ್ಲಿಂದ ಬರಬೇಕು? ಸದಸ್ಯರಿಂದಲೇ. ಲೆಕ್ಕ ಹಾಕಿ ನೋಡಿ. 600 ಜನರಲ್ಲಿ 200 ಜನ ವರ್ಷಕ್ಕೆ 300 ರೂಪಾಯಿ ಕೊಟ್ಟರೆ 60 ಸಾವಿರ. ತಿಂಗಳಿಗೆ 25 ರೂಪಾಯಿ, ಎರಡು ಕಾಫಿಯ ದುಡ್ಡು. ಗೋಣಿಚೀಲ, ಕೈಗವಸು, ಕುಡುಗೋಲು, ಜೀಪಿನ ಬಾಡಿಗೆ ಎಲ್ಲ ಕಳೆದರೂ ಒಂದು ವರ್ಷದ ಕೆಲಸ ನಡೆಯುತ್ತದೆ. ಹಾಗಾದರೆ ಯಾಕೆ ಕೇಳುವುದಿಲ್ಲ? ನಾಚಿಕೆ. ಗೆಳೆಯರ ಹತ್ತಿರ ದುಡ್ಡು ಕೇಳುವುದೆಂದರೆ ನಮಗೆ ಸಂಕೋಚ. ಊರ ಗಣಪತಿ ಪೆಂಡಾಲಿಗೆ ರಸೀದಿ ಪುಸ್ತಕ ಹಿಡಿದು ಮನೆ ಮನೆ ಸುತ್ತುವ ನಾವೇ ಬೆಟ್ಟಕ್ಕಾಗಿ ಕೈ ಚಾಚಲು ಹಿಂಜರಿಯುತ್ತೇವೆ.

ಕೇಳುವ ಮೊದಲು ಒಂದು ಕೆಲಸ ಮಾಡಬೇಕು, ಲೆಕ್ಕ ತೋರಿಸಬೇಕು. ಗಣಪತಿ ಪೆಂಡಾಲಿನಲ್ಲಿ ಬೋರ್ಡಿಗೆ ಖರ್ಚಿನ ಪಟ್ಟಿ ಅಂಟಿಸುತ್ತಾರಲ್ಲ, ಹಾಗೆ. ಈ ತಿಂಗಳು ನಾನು ಅದನ್ನೇ ಮಾಡಿದೆ. ಎರಡು ವರ್ಷದ ಜಮಾ ಖರ್ಚು, ಕೈಗವಸಿನ ಬಿಲ್ಲಿನವರೆಗೆ, ಫೋಟೊ ತೆಗೆದು ಗುಂಪಿಗೆ ಹಾಕಿದೆ. ‘ಇಷ್ಟು ಕಡಿಮೆ ದುಡ್ಡಿನಲ್ಲಿ ನಡೆಸುತ್ತಿದ್ದೀರಾ?’ ಎಂದು ಇದುವರೆಗೆ ಒಂದು ಮಾತೂ ಆಡದಿದ್ದವರು ಕೇಳಿದರು. ಆ ಪ್ರಶ್ನೆಯ ಬೆನ್ನಿಗೇ ಮೊದಲ 300 ರೂಪಾಯಿ ಬಂತು.

ಕೆಲಸ ಹುಡುಕುತ್ತಿರುವವನಿಗೆ 300 ರೂಪಾಯಿಯೂ ದೊಡ್ಡದು ಎಂಬ ಆಕ್ಷೇಪ ಬಂತು. ನಿಜ, ನಾನೂ ಅದೇ ಸಾಲಿನಲ್ಲಿದ್ದೇನೆ. ಅದಕ್ಕೆ ಉತ್ತರವೂ ಬಳಗದಲ್ಲೇ ಇದೆ. ದುಡ್ಡಿಲ್ಲದವರು ವರ್ಷಕ್ಕೆ ಎರಡು ಭಾನುವಾರ ಕೊಡಲಿ. ಅವರೂ ಪೂರ್ಣ ಸದಸ್ಯರು, ಅವರಿಗೂ ಸಭೆಯಲ್ಲಿ ಒಂದು ಮತ. ಯಾವುದನ್ನೂ ಕೊಡದವರು ಚಾರಣಕ್ಕೆ ಧಾರಾಳವಾಗಿ ಬರಲಿ, ಅತಿಥಿಗಳಾಗಿ. ಎರಡನೇ ಬಾರಿ ಬಂದಾಗ ಕೈಗೊಂದು ಚೀಲ ಕೊಡೋಣ. ಮೂರನೇ ಬಾರಿ ಸದಸ್ಯತ್ವದ ಅರ್ಜಿ ಕೊಡೋಣ. ಸದಸ್ಯರು ಬೆಳೆಯುವುದು ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಲಿಂಕ್ ಒತ್ತಿದ ಕೂಡಲೇ ಅಲ್ಲ.

ನಡಿಗೆಗೆ ಇರುವ ಶಕ್ತಿ ನಮ್ಮ ನೆಲಕ್ಕೇನೂ ಹೊಸದಲ್ಲ. 1987ರ ನವೆಂಬರಿನಲ್ಲಿ ‘ಪಶ್ಚಿಮ ಘಟ್ಟ ಉಳಿಸಿ’ ಎಂದು ಒಂದು ತಂಡ ಉತ್ತರದ ನವಾಪುರದಿಂದ, ಇನ್ನೊಂದು ದಕ್ಷಿಣದ ಕನ್ಯಾಕುಮಾರಿಯಿಂದ ಹೊರಟು, ಸುಮಾರು ಮೂರು ತಿಂಗಳು ನಡೆದು ಗೋವಾದಲ್ಲಿ ಸೇರಿತು. ದಾರಿಯ ಊರುಗಳ ಜನರೊಂದಿಗೆ ಮಾತಾಡುತ್ತಾ, ಕಾಡಿನ ಸ್ಥಿತಿ ಕಣ್ಣಾರೆ ನೋಡುತ್ತಾ ಸಾಗಿದ ನಡಿಗೆ ಅದು. ಘಟ್ಟವೆಂದರೆ ಬಿಡಿ ಬಿಡಿ ಬೆಟ್ಟಗಳಲ್ಲ, ಒಂದೇ ಬೆನ್ನೆಲುಬು ಎಂದು ನಡೆದೇ ತೋರಿಸಿದರು.

ನಮ್ಮ ಸಭೆ ಒಂದು ಲಕ್ಷದ ಚೆಕ್ಕನ್ನು ಮತಕ್ಕೆ ಹಾಕುವುದು ಮುಂದಿನ ಭಾನುವಾರ. ಬೇಡ ಎನ್ನುವವರು ಸೋಲಬಹುದು, ಗೊತ್ತಿಲ್ಲ. ಆದರೆ ರಸೀದಿ ಪುಸ್ತಕದಲ್ಲಿ ಈ ಬೆಳಿಗ್ಗೆಯವರೆಗೆ 31 ಹೆಸರು ಬಂದಿವೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಒಂದು ಸಂಘ ಕಟ್ಟಲು ಬೇಕಾದದ್ದು ಏಳೇ ಜನ. ಏಳು ಗೋಣಿಚೀಲ ಹೊತ್ತವರು ಅಷ್ಟೇ ಇದ್ದೆವು. ನಿಮ್ಮ ಊರಿನಲ್ಲೂ ಒಂದು ಬಳಗ ಇರಬಹುದು. ಮುಂದಿನ ಚಾರಣಕ್ಕೆ ಸೀಟು ಬುಕ್ ಮಾಡುವ ಮೊದಲು ಅದರ ಲೆಕ್ಕ ಕೇಳಿ. ತೋರಿಸಿದರೆ ಸದಸ್ಯರಾಗಿ. ತೋರಿಸದಿದ್ದರೆ ಇನ್ನು ಆರು ಜನರನ್ನು ಹುಡುಕಿ.