ಹೆಸರಳಿಸಿ ಸಾಗಿಸುವ ಯಂತ್ರ

ಸೂರತ್ತಿನ ರಿಂಗ್ ರೋಡಿನ ಜವಳಿ ಮಾರುಕಟ್ಟೆಯಲ್ಲಿ ಹೊಸ ಸೀರೆಗಳ ಕ್ಯಾಟಲಾಗನ್ನು ವ್ಯಾಪಾರಿಯೊಬ್ಬನು ತನ್ನ ಗ್ರೂಪಿಗೆ ಹಾಕಿದನೆಂದರೆ, ಆ ಚಿತ್ರವು ಸಗಟು ಮಾರಾಟಗಾರರ ಟೆಲಿಗ್ರಾಂ ಚಾನೆಲ್ಲನ್ನೂ ಬೆಂಗಳೂರಿನ ಚಿಕ್ಕಪೇಟೆಯ ಗ್ರೂಪನ್ನೂ ಹಾದು, ದಾವಣಗೆರೆಯಲ್ಲಿಯೋ ಹಾಸನದಲ್ಲಿಯೋ ಮನೆಯಿಂದಲೇ ಸೀರೆ ಮಾರುವ ಗೃಹಿಣಿಯ ಫೋನನ್ನು ಸೇರುವಷ್ಟರಲ್ಲಿ, ಒಂದರ ಮೇಲೊಂದು ಮೂರು ಅಂಗಡಿಗಳ ಮುದ್ರೆಯನ್ನು ಹೊತ್ತು, ಮೊದಲಿನ ಬೆಲೆಯನ್ನು ಕಳೆದುಕೊಂಡು, ಪಾಲಿಯೆಸ್ಟರ್ ಎಂದಿದ್ದ ಎಡೆಯಲ್ಲಿ ‘ಸಾಫ್ಟ್ ಸಿಲ್ಕ್’ ಎಂಬ ಬಿರುದನ್ನು ಪಡೆದಿರುವುದುಂಟು. ‘ಸ್ಟಾಕ್ ಇದೆಯಾ?’ ಎಂದು ಆಕೆ ಕೇಳಿದರೆ ಉತ್ತರಿಸತಕ್ಕವರಾರೆಂಬುದೇ ತಿಳಿಯದು. ಏಕೆಂದರೆ ಈ ಯಾತ್ರೆಯ ಬಹುಭಾಗವನ್ನು ಮನುಷ್ಯನ ಕೈ ಮುಟ್ಟದೆ ಬಾಟ್ ಎಂಬ ತಂತ್ರಾಂಶವೇ ನಡೆಸಿರಬಹುದು.

ಬಾಟುಗಳಿಗೆ ಟೆಲಿಗ್ರಾಂ ತನ್ನ ಬಾಗಿಲನ್ನು ತೆರೆದದ್ದು 2015ರಲ್ಲಿ. ಒಂದು ಗ್ರೂಪಿನ ಸಂದೇಶವನ್ನು ಇನ್ನೊಂದಕ್ಕೆ ಒಯ್ಯಲು ಅಲ್ಲಿ ಬಾಟಿಗೆ ಎರಡು ಮಾರ್ಗಗಳಿವೆ. ಮೊದಲನೆಯದು ಫಾರ್ವರ್ಡ್, ಅದರಲ್ಲಿ ಸಂದೇಶದ ನೆತ್ತಿಯ ಮೇಲೆ ಅದು ಎಲ್ಲಿಂದ ಬಂದಿತೆಂಬ ಸೂಚನೆ ಉಳಿಯುತ್ತದೆ. 2020ರಲ್ಲಿ ಸೇರಿಸಲಾದ ಎರಡನೆಯದು ಕಾಪಿ. ಅದರಲ್ಲಿ ಮೂಲದೊಡನೆ ಇದ್ದ ಕೊಂಡಿ ಕಡಿದುಹೋಗಿ, ಅನ್ಯರ ಮಾತು ಸ್ವಂತದ ಮಾತಿನಂತೆ ತೋರುತ್ತದೆ. ಲಿಂಕನ್ನು ಅಳಿಸುವ, ಪದವನ್ನು ಬದಲಿಸುವ, ಅಡಿಯಲ್ಲಿ ತನ್ನ ಹೆಸರನ್ನು ಅಂಟಿಸುವ ಸೌಕರ್ಯಗಳನ್ನೂ ಇಂಥ ಬಾಟುಗಳನ್ನು ಮಾರುವವರು ಬಹಿರಂಗವಾಗಿಯೇ ಒದಗಿಸುತ್ತಾರೆ. ನನ್ನ ತಕರಾರೆಲ್ಲ ಈ ಎರಡನೆಯ ಮಾರ್ಗದ ಮೇಲೆ. ಅಹಮದಾಬಾದಿನಲ್ಲಿ ನೆಲಸಿದ ಕನ್ನಡಿಗರು ರಾಜ್ಯೋತ್ಸವದ ಕರೆಯೋಲೆಯನ್ನು ವಡೋದರಾ ಮತ್ತು ಸೂರತ್ತಿನ ಗ್ರೂಪುಗಳಿಗೆ ಬಾಟಿನ ಮೂಲಕವೇ ಮುಟ್ಟಿಸಿದರೆ ಅದರಲ್ಲಿ ದೋಷವೇನೂ ಇಲ್ಲ. ಕಳುಹಿಸಿದವರಾರೆಂಬುದು ಅದರಲ್ಲಿಯೇ ಇರುತ್ತದೆ.

ಮೂಲವನ್ನು ಕಳೆದುಕೊಂಡ ಮಾತು ಎಂಥ ಅನರ್ಥಕ್ಕೆ ಕಾರಣವಾಗಬಲ್ಲುದೆಂಬುದನ್ನು ಗುಜರಾತಿನ ನಗರಗಳು ಚೆನ್ನಾಗಿ ಬಲ್ಲವು. 2014ರ ಸೆಪ್ಟೆಂಬರಿನಲ್ಲಿ, ನವರಾತ್ರಿಯ ದಿನಗಳಲ್ಲಿ, ಫೇಸ್‌ಬುಕ್ಕಿನಲ್ಲಿ ಕಾಣಿಸಿಕೊಂಡ ತಿದ್ದಿದ ಚಿತ್ರವೊಂದರಿಂದ ವಡೋದರಾದಲ್ಲಿ ಕೋಮುಗಲಭೆಯೆದ್ದು ಮೊಬೈಲ್ ಇಂಟರ್‌ನೆಟ್ಟನ್ನೇ ನಿಲ್ಲಿಸಬೇಕಾಯಿತು. 2018ರ ಜೂನಿನಲ್ಲಿ ಅಹಮದಾಬಾದಿನ ವಾಡಜ್ ಪ್ರದೇಶದಲ್ಲಿ ಭಿಕ್ಷೆ ಬೇಡುತ್ತಿದ್ದ ಹೆಂಗಸೊಬ್ಬಳನ್ನು ಮಕ್ಕಳ ಕಳ್ಳಿಯೆಂದು ಬಗೆದ ಜನರ ಗುಂಪು ಹೊಡೆದು ಕೊಂದಿತು. ಮರುತಿಂಗಳೇ ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನ ಯುವಕನೊಬ್ಬನು, ತಾನಿದ್ದ ಕಾರು ಬರುವುದಕ್ಕೆ ಮುಂಚೆಯೇ ವಾಟ್ಸ್ಆಪ್ ಸಂದೇಶ ಬಂದು ತಲುಪಿದ್ದುದರಿಂದ, ಅದೇ ಅಪವಾದಕ್ಕೆ ಬಲಿಯಾದನು. ಆ ವರ್ಷ ದೇಶದಲ್ಲೆಲ್ಲ ಸುತ್ತಿದ ಅಪಹರಣದ ವಿಡಿಯೋ ಒಂದಿತ್ತಷ್ಟೆ. ಅದು ವಸ್ತುತಃ ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಎಚ್ಚರಿಸಲು ಕರಾಚಿಯಲ್ಲಿ ತಯಾರಾದದ್ದು. ಎತ್ತಿಕೊಂಡು ಹೋದ ಮಗುವನ್ನು ಮೋಟಾರ್ ಸೈಕಲ್ಲಿನವರು ಹಿಂದಿರುಗಿ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.

ಇವೆಲ್ಲ ಮನುಷ್ಯರ ಹೆಬ್ಬೆರಳಿನಿಂದ ಆದವು, ಬಾಟಿನಿಂದಲ್ಲ ಎಂದು ಆಕ್ಷೇಪಿಸಬಹುದು. ಅದು ನಿಜ. ಆ ಹೆಬ್ಬೆರಳಿಗೆ ಕಡಿವಾಣ ಹಾಕಲೆಂದೇ ವಾಟ್ಸ್ಆಪ್ 2018ರ ಜುಲೈಯಲ್ಲಿ ಭಾರತದಲ್ಲಿ ಒಂದು ಸಲಕ್ಕೆ 5 ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿಯನ್ನೂ, 2020ರ ಏಪ್ರಿಲಿನಲ್ಲಿ ಬಹಳ ಸುತ್ತಿದ ಸಂದೇಶಕ್ಕೆ ಒಂದೇ ಕಡೆ ಎಂಬ ಮಿತಿಯನ್ನೂ ವಿಧಿಸಿತು. ಆದರೆ ನಕಲುಮಾಡಿ ಹೊಸದಾಗಿ ಹಾಕಿದ ಸಂದೇಶಕ್ಕೆ ಫಾರ್ವರ್ಡಿನ ಗುರುತೂ ಇಲ್ಲ, ಮಿತಿಯೂ ಇಲ್ಲ. ಮೇಲಾಗಿ ಯಂತ್ರಕ್ಕೆ ದಣಿವೂ ಇಲ್ಲ, ಕಳುಹಿಸುವ ಮುನ್ನ ‘ಇದು ನಿಜವೇ?’ ಎಂದು ಕ್ಷಣಕಾಲ ತಡೆಯುವ ಸಂಕೋಚವೂ ಇಲ್ಲ.

ಹಣದ ವಿಷಯದಲ್ಲಿಯಂತೂ ಇದರ ಫಲ ಇನ್ನೂ ಸೂಕ್ಷ್ಮ. 2022ರ ಮಾರ್ಚ್ ತಿಂಗಳಲ್ಲಿ ಷೇರುಪೇಟೆಯ ನಿಯಂತ್ರಕರಾದ ಸೆಬಿಯವರು ಅಹಮದಾಬಾದ್, ಭಾವನಗರ ಮೊದಲಾದೆಡೆ ಶೋಧ ನಡೆಸಿದಾಗ ಅವರ ದೃಷ್ಟಿಯಲ್ಲಿದ್ದುದು ಷೇರಿನ ಟಿಪ್ಸ್ ಕೊಡುತ್ತಿದ್ದ 9 ಟೆಲಿಗ್ರಾಂ ಚಾನೆಲ್ಲುಗಳು. ಅವುಗಳ ಚಂದಾದಾರರು ಒಟ್ಟು 50 ಲಕ್ಷಕ್ಕೂ ಮಿಕ್ಕಿದ್ದರು. ಚಾನೆಲ್ಲುಗಳನ್ನು ನಡೆಸುವವರು ತಾವು ಮೊದಲು ಕೊಂಡು, ಇತರರಿಗೆ ಕೊಳ್ಳಿರೆಂದು ಹೇಳಿ, ಬೆಲೆಯೇರಿದ ಮೇಲೆ ಮಾರಿಬಿಡುತ್ತಿದ್ದರೆಂಬುದು ಶಂಕೆ. ಒಬ್ಬನ ಸಲಹೆಯು ನಾಲ್ಕಾರು ಚಾನೆಲ್ಲುಗಳಲ್ಲಿ ಬೇರೆ ಬೇರೆ ಹೆಸರಿನಿಂದ ಕಾಣಿಸಿದಾಗ, ಓದುವ ಪಿಂಚಣಿದಾರನು ಅದನ್ನು ನಾಲ್ಕಾರು ತಜ್ಞರ ಏಕಾಭಿಪ್ರಾಯವೆಂದೇ ಗ್ರಹಿಸುತ್ತಾನೆ. ಇಂಥ ಭ್ರಾಂತಿಯನ್ನು ಹಗಲಿರುಳೆನ್ನದೆ ಉತ್ಪಾದಿಸುವುದಕ್ಕೆ ನಕಲುಬಾಟಿಗಿಂತ ಅಗ್ಗದ ಸಾಧನವಿಲ್ಲ.

ಹಾಗೆಂದು ಅನ್ಯರ ಮಾತನ್ನು ಹಂಚುವುದೇ ತಪ್ಪೆಂದಲ್ಲ. ಇದೇ ಅಹಮದಾಬಾದಿನಿಂದ 1919ರಲ್ಲಿ ‘ನವಜೀವನ’ವನ್ನು ಹೊರಡಿಸಿದ ಗಾಂಧೀಜಿಯವರು, ಅದಕ್ಕೂ ಮೊದಲು, ‘ಹಿಂದ್ ಸ್ವರಾಜ್’ನ 1910ರ ಇಂಗ್ಲಿಷ್ ಆವೃತ್ತಿಯಲ್ಲಿ ಯಾವ ಹಕ್ಕನ್ನೂ ಕಾದಿರಿಸಿಲ್ಲವೆಂದು ಅಚ್ಚುಮಾಡಿಸಿದ್ದರೆಂಬುದು ಇಲ್ಲಿ ಸ್ಮರಣಾರ್ಹ. ಬೇಕಾದವರು ಮರುಮುದ್ರಿಸಬಹುದಿತ್ತು, ಆದರೆ ಹೊತ್ತಗೆಯ ಮೇಲೆ ಬರೆದವರ ಹೆಸರು ಇದ್ದೇ ಇತ್ತು, ಅದಕ್ಕಾಗಿ ಸೆರೆಮನೆಗೆ ಹೋಗಲು ಬರೆದವರು ಸಿದ್ಧರಾಗಿಯೂ ಇದ್ದರು. ಕನ್ನಡದ ಪತ್ರಿಕೆಗಳೂ ಒಂದರ ಲೇಖನವನ್ನು ಮತ್ತೊಂದು ಎತ್ತಿಕೊಂಡಾಗ ಅಡಿಯಲ್ಲಿ ‘ಕೃಪೆ’ ಎಂದು ಮೂಲಪತ್ರಿಕೆಯ ಹೆಸರನ್ನು ಹಾಕುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಹಂಚಿಕೆಗೆ ಔದಾರ್ಯವಿದ್ದಂತೆಯೇ ಋಣಸ್ಮರಣೆಯೂ ಇತ್ತು.

ಸರ್ಕಾರವು 2021ರ ಐಟಿ ನಿಯಮಗಳಲ್ಲಿ ಸಂದೇಶದ ಮೊದಲ ಕರ್ತೃವನ್ನು ಪತ್ತೆಹಚ್ಚಿಕೊಡಬೇಕೆಂದು ದೊಡ್ಡ ಕಂಪನಿಗಳಿಗೆ ವಿಧಿಸಿತು. ವಾಟ್ಸ್ಆಪ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಎಲ್ಲರ ಖಾಸಗಿ ಮಾತನ್ನೂ ಬಗೆದು ನೋಡುವ ಈ ಹಾದಿ ನನಗೆ ರುಚಿಸದು. ಸಾಗಿಸುವವನೇ ಹೊಣೆ ಹೊತ್ತರೆ ಅಷ್ಟು ದೂರ ಹೋಗಬೇಕಾದುದೇ ಇಲ್ಲ. ಆದುದರಿಂದ ಗ್ರೂಪುಗಳ ಅಡ್ಮಿನ್ ಮಹಾಶಯರಲ್ಲಿ ನನ್ನ ವಿನಂತಿ ಇಷ್ಟೆ: ಬಾಟನ್ನು ಇಟ್ಟುಕೊಳ್ಳಿ, ಆದರೆ ಅದಕ್ಕೆ ಕಾಪಿಯ ಬದಲು ಫಾರ್ವರ್ಡ್ ಮಾಡುವಂತೆ ಹೇಳಿ, ಮೂಲದ ತಾರೀಖನ್ನು ಉಳಿಸಿ, ಅದನ್ನು ನಡೆಸುತ್ತಿರುವವರು ಯಾರೆಂಬುದನ್ನು ಗ್ರೂಪಿನ ವಿವರಣೆಯಲ್ಲಿ ನಿಮ್ಮ ಹೆಸರಿನೊಡನೆ ಬರೆಯಿರಿ.