ಕೈಗೇ ಬಂದ ಹಿಡಿಕೆ

ಮಕ್ಕಳೇ, ಹೊಸ ಸೈಕಲ್ ಮನೆಗೆ ಬಂದ ವಾರಕ್ಕೇ ಅದರ ಸ್ಟ್ಯಾಂಡ್ ಸಡಿಲವಾದರೆ ಮೊದಲು ಗೊತ್ತಾಗುವುದು ಯಾರಿಗೆ? ಮಾಡಿದವರಿಗಲ್ಲ, ಮಾರಿದವರಿಗೂ ಅಲ್ಲ. ದಿನವೂ ತುಳಿಯುವ ನಿಮಗೆ! ಲ್ಯಾಪ್‌ಟಾಪಿನ ಕಥೆಯೂ ಹಾಗೆಯೇ.

2005ರ ನವೆಂಬರ್‌ನಲ್ಲಿ ಟುನೀಸಿಯಾ ದೇಶದ ಟ್ಯುನಿಸ್ ನಗರದಲ್ಲಿ ಒಂದು ದೊಡ್ಡ ಸಮ್ಮೇಳನ ನಡೆಯಿತು. ಅಲ್ಲಿ ಅಮೆರಿಕದ ಪ್ರಾಧ್ಯಾಪಕ ನಿಕೋಲಸ್ ನೆಗ್ರೊಪಾಂಟೆ ಹಸಿರು ಬಣ್ಣದ ಪುಟಾಣಿ ಲ್ಯಾಪ್‌ಟಾಪಿನ ಮಾದರಿ ತೋರಿಸಿದರು. ಬಡ ದೇಶಗಳ ಶಾಲಾಮಕ್ಕಳಿಗೆ ಅದನ್ನು ನೂರು ಡಾಲರಿಗೆ ಕೊಡಬೇಕೆಂಬುದು ಅವರ ಆಸೆ. ಕರೆಂಟ್ ಇಲ್ಲದ ಹಳ್ಳಿಯಲ್ಲೂ ನಡೆಯಲೆಂದು ಅದಕ್ಕೊಂದು ತಿರುಗಿಸುವ ಹಿಡಿಕೆ ಇತ್ತು. ವಿಶ್ವಸಂಸ್ಥೆಯ ಮುಖ್ಯಸ್ಥ ಕೋಫಿ ಅನ್ನಾನ್ ತಿರುಗಿಸಲು ಹೋದರು. ಹಿಡಿಕೆ ಮುರಿದು ಕೈಗೇ ಬಂತು!

ನಗಬೇಡಿ. ಅದೂ ಒಂದು ಪಾಠವೇ. 2007ರಲ್ಲಿ ‘ಎಕ್ಸ್‌ಒ’ ಎಂಬ ಹೆಸರಿನಲ್ಲಿ ಲ್ಯಾಪ್‌ಟಾಪ್ ತಯಾರಾದಾಗ ಅದರ ಮೈಯಲ್ಲಿ ಆ ಹಿಡಿಕೆ ಇರಲಿಲ್ಲ. ಬೆಲೆ ಮಾತ್ರ ನೂರಕ್ಕೆ ಇಳಿಯದೆ 188 ಡಾಲರಿನ ಆಸುಪಾಸಿನಲ್ಲಿ ನಿಂತಿತು. ಸುಡುಬಿಸಿಲಿನಲ್ಲೂ ಓದಬಹುದಾದ ಪರದೆ, ನೀರು, ದೂಳು ಒಳಗೆ ಹೋಗದಂತೆ ಮುಚ್ಚಿದ ರಬ್ಬರಿನ ಕೀಲಿಮಣೆ ಅದರ ವಿಶೇಷ. ನಮ್ಮ ನೆರೆಯ ಮಹಾರಾಷ್ಟ್ರದ ಖೈರಾಟ್ ಎಂಬ ಹಳ್ಳಿಯ ಪುಟ್ಟ ಶಾಲೆಗೂ ಅದು ಅದೇ ವರ್ಷ ಬಂತು.

ನಿಜವಾದ ಪರೀಕ್ಷೆ ಶುರುವಾದದ್ದು ಮಕ್ಕಳ ಕೈಗೆ ಸಿಕ್ಕ ಮೇಲೆ. ಪುಟ್ಟ ಬೆರಳುಗಳು ರಬ್ಬರ್ ಕೀಲಿಗಳ ಅಂಚನ್ನು ಕೆದಕಿ ಕೆದಕಿ ಕಿತ್ತವು. ಕೆಲವು ಕೀಲಿಗಳು ಒತ್ತಿದಲ್ಲೇ ಅಂಟಿಕೊಂಡವು. ಬೆವರಿದ ಬೆರಳು ತಗುಲಿದರೆ ಪರದೆಯ ಮೇಲಿನ ಬಾಣ ಮಿಡತೆಯಂತೆ ಎಲ್ಲೆಲ್ಲಿಗೋ ಹಾರುತ್ತಿತ್ತು. ತಂಪು ಕೋಣೆಯಲ್ಲಿ ಕೂತು ಯಂತ್ರ ಮಾಡಿದವರಿಗೆ ಬೆವರಿನ ಬೆರಳು ಹೊಳೆಯುವುದು ಹೇಗೆ?

ದೇಶದೇಶದ ಶಿಕ್ಷಕರು, ಸ್ವಯಂಸೇವಕರು ಈ ದೂರುಗಳನ್ನು ಬರೆದು ಕಳಿಸಿದರು. ಮುಂದೆ ತಯಾರಾದವುಗಳಲ್ಲಿ ಬಾಣವನ್ನು ಓಡಿಸುವ ಫಲಕವೇ ಬದಲಾಯಿತು. ಉರುಗ್ವೆ ದೇಶದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಬೆಳೆದು ಹೈಸ್ಕೂಲಿಗೆ ಹೋದಾಗ ಅವರ ದೊಡ್ಡ ಬೆರಳಿಗೆ ಒಪ್ಪುವಂತೆ ರಬ್ಬರಿನ ಬದಲು ಟಕಟಕ ಎನ್ನುವ ಗಟ್ಟಿ ಕೀಲಿಗಳು ಬಂದವು.

ನನಗೆ ತುಂಬ ಇಷ್ಟವಾದ ಸಂಗತಿ ಬೇರೆಯೇ ಇದೆ. ಈ ಲ್ಯಾಪ್‌ಟಾಪನ್ನು ಒಂದು ಸ್ಕ್ರೂಡ್ರೈವರಿನಿಂದ ಬಿಚ್ಚಬಹುದಿತ್ತು. ಕಳೆದುಹೋದರೆ ಇರಲಿ ಎಂದು ಬಿಡಿ ಸ್ಕ್ರೂಗಳನ್ನು ಎತ್ತುವ ಹಿಡಿಯೊಳಗೇ ಅಡಗಿಸಿಟ್ಟಿದ್ದರು! ನೈಜೀರಿಯಾದ ಒಂದು ಶಾಲೆಯಲ್ಲಂತೂ ಮಕ್ಕಳೇ ‘ಲ್ಯಾಪ್‌ಟಾಪ್ ಆಸ್ಪತ್ರೆ’ ನಡೆಸಿದರು.

ಎಲ್ಲ ಕುಂದೂ ಸರಿಹೋಗಲಿಲ್ಲ, ಎಷ್ಟೋ ಯಂತ್ರಗಳು ಮೂಲೆ ಸೇರಿದವು. ಆದರೂ ಸರಿಹೋದದ್ದು ಬಳಸಿದವರು ಬಾಯಿ ಬಿಟ್ಟು ಹೇಳಿದ್ದರಿಂದಲೇ.

ಹೇಳುವುದಕ್ಕೂ ಒಂದು ಕ್ರಮವಿದೆ, ಮಕ್ಕಳೇ. ‘ಕೆಟ್ಟುಹೋಗಿದೆ’ ಎಂದಷ್ಟೇ ಅಂದರೆ ರಿಪೇರಿಯವರಿಗೆ ಏನೂ ತಿಳಿಯದು. ಯಾವ ಕೀಲಿ, ಯಾವಾಗ, ಏನು ಮಾಡುತ್ತಿದ್ದಾಗ ಎಂದು ಮೂರು ಸಾಲು ಬರೆದಿಡಿ.

ಅಜ್ಜ ಅಜ್ಜಿಯರೇ, ಮೊಮ್ಮಗು ಹೀಗೆ ದೂರು ತಂದರೆ ‘ನೀನೇ ಕೆಡಿಸಿರಬೇಕು’ ಎಂದು ಮೊದಲೇ ಗದರಬೇಡಿ. ಕೋಫಿ ಅನ್ನಾನರ ಕೈಯಲ್ಲೂ ಮುರಿದದ್ದು ಹಿಡಿಕೆಯ ತಪ್ಪಿನಿಂದಲೇ ಅಲ್ಲವೇ?