ಕಾಣದ ಕಾರಿಗೆ ಮುಂಗಡ

ದೆಹಲಿಯಲ್ಲಿ ಮಾರಾಟಕ್ಕಿದ್ದ ಹಳೆಯ ಕಾರೊಂದರ ಚಿತ್ರಗಳನ್ನು ಕಳೆದ ತಿಂಗಳು ನಮ್ಮ ಅಳಿಯಂದಿರು ತೋರಿಸಿದರು. ಬಣ್ಣವು ಮನೋಹರ, ಬೆಲೆಯೂ ಸುಲಭ. ಮುಂಗಡವಾಗಿ 50,000 ರೂಪಾಯಿಗಳನ್ನು ಅಂದೇ ಕಳುಹಿಸಬೇಕೆಂದು ಮಾರುವಾತನ ಅವಸರ. ನಿವೃತ್ತಿವೇತನದಲ್ಲಿ ಉಳಿಸಿದ ಹಣವನ್ನು ಕೊಡಲು ನಾವೂ ಸಿದ್ಧರಾದೆವು. ಅಷ್ಟರಲ್ಲಿ ನಮ್ಮ ಗೃಹಿಣಿಯು, “ನೀರಿನಲ್ಲಿ ಮುಳುಗಿದ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟುವಿರಾ?” ಎಂದಳು.

ಆ ನಗರದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನನ್ನು ನೋಡಿಬರಲು ಬೇಡಿದೆವು. ಚಾಸಿಸ್ ಸಂಖ್ಯೆಯೇನೋ ನೋಂದಣಿ ಪತ್ರದೊಡನೆ ಹೊಂದಿತು. ಆದರೆ ಕಾಲುಹಾಸಿನಡಿ ಒಣಗಿದ ಕೆಸರು. ಸೀಟುಬೆಲ್ಟನ್ನು ಪೂರ್ತಿಯಾಗಿ ಎಳೆದಲ್ಲಿ ನೀರಿನ ಕಲೆ! 2023ರ ಜುಲೈ ತಿಂಗಳ ಯಮುನಾ ಪ್ರವಾಹದಲ್ಲಿ ಅದು ನಿಂತಿದ್ದಿತೆಂದು ನೆರೆಯವರು ತಿಳಿಸಿದರು. ಮುಳುಗಿದ್ದುದು ಎಮ್ಮೆಯಲ್ಲ, ಕಾರೇ!

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮುಂಗಡಕ್ಕೆ ಮೊದಲು ನಂಬಿಕಸ್ಥರೊಬ್ಬರು ವಾಹನವನ್ನು ಕಣ್ಣಾರೆ ನೋಡತಕ್ಕದ್ದು. ಹೊರರಾಜ್ಯದ್ದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರವೂ, ಹೆಸರಿನ ವರ್ಗಾವಣೆಗೆ ನಮೂನೆ 29 ಹಾಗೂ 30ರ ಸಹಿಗಳೂ, ಬ್ಯಾಂಕಿನ ಸಾಲವಿದ್ದಲ್ಲಿ ಅದು ತೀರಿದುದಕ್ಕೆ ನಮೂನೆ 35ೂ ಬೇಕು. 1988ರ ಮೋಟಾರು ವಾಹನ ಕಾಯಿದೆಯಂತೆ, 12 ತಿಂಗಳಿಗೆ ಮೀರಿ ಇಲ್ಲಿಟ್ಟುಕೊಂಡ ವಾಹನಕ್ಕೆ ಇಲ್ಲಿನ ಹೊಸ ನೋಂದಣಿ ಸಂಖ್ಯೆಯು ಅವಶ್ಯ. ಕರ್ನಾಟಕದ ತೆರಿಗೆಯೂ ಉಂಟು. ಇವೆಲ್ಲವನ್ನೂ ಕೂಡಿದ ಬಳಿಕವೂ ಬೆಲೆಯು ಸುಲಭವಾಗಿಯೇ ಉಳಿದರೆ ಸಂತೋಷದಿಂದ ಕೊಳ್ಳಿರಿ.